ಹರಿಯುವ ಭಯ, ಹೊಲಿಗೆಯ ಆರೈಕೆ

ಪ್ರಶ್ನೆ: ನನಗೆ 28 ವರ್ಷ. ಚೊಚ್ಚಲ ಬಸಿರು, ಈಗ 33 ವಾರ ತುಂಬಿದೆ. ವರದಿಗಳೆಲ್ಲ ಸರಿಯಾಗಿವೆ, ನಾರ್ಮಲ್ ಹೆರಿಗೆಗೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಕಳೆದ ವರ್ಷ ನನ್ನ ಚಿಕ್ಕಮ್ಮನ ಮಗಳಿಗೆ ಹೆರಿಗೆಯಲ್ಲಿ ಕೆಳಗೆ ಹರಿದು ಬಹಳ ಹೊಲಿಗೆಗಳು ಬಿದ್ದವು. ವಾರಗಟ್ಟಲೆ ಅವಳಿಗೆ ನೆಟ್ಟಗೆ ಕೂರಲಾಗಲಿಲ್ಲ. ಅದನ್ನು ನೋಡಿದಾಗಿನಿಂದ ನನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಒಂಬತ್ತನೇ ತಿಂಗಳಲ್ಲಿ ದಿನಾ ತುಪ್ಪ ಕುಡಿದರೆ ಮಗು ಸಲೀಸಾಗಿ ಜಾರಿ ಬರುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಎಣ್ಣೆಯ ಮಸಾಜ್ ಮಾಡಿಕೊಂಡರೆ ಹರಿಯುವುದೇ ಇಲ್ಲ ಎನ್ನುವುದು ಗೆಳತಿಯ ಮಾತು. ಇಷ್ಟೆಲ್ಲ ಪಾಡಿಗಿಂತ ಸಿಸೇರಿಯನ್ನೇ ಮಾಡಿಸಿಕೊಳ್ಳಲೇ? ಡಾಕ್ಟರ ಬಳಿ ಈ ವಿಷಯ ಎತ್ತಲು ಸಂಕೋಚವಾಗುತ್ತದೆ.
– ಓದುಗಿ, ರಾಜಾಜಿನಗರ

ಉತ್ತರ: ಸಂಕೋಚದ ಮಾತನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ, ಆದರೆ ನಾನು ಮೊದಲು ಅದಕ್ಕೇ ಉತ್ತರಿಸಬೇಕು. ಹರಿಯುವ ಅಪಾಯವನ್ನು ತಗ್ಗಿಸುವ ಕ್ರಮಗಳಲ್ಲಿ ಹೆಚ್ಚಿನವು ನಡೆಯುವುದು ಹೆರಿಗೆ ಕೋಣೆಯಲ್ಲಿ, ಮಗುವಿನ ತಲೆ ಹೊರಬರುವ ಕೆಲವೇ ನಿಮಿಷಗಳಲ್ಲಿ, ಅಲ್ಲಿರುವ ಡಾಕ್ಟರು ಮತ್ತು ನರ್ಸ್‌ಗಳ ಕೈಯಲ್ಲಿ. ಆದ್ದರಿಂದ ನೀವು ಮನೆಯಲ್ಲಿ ಏನು ಮಾಡಿಕೊಳ್ಳುತ್ತೀರಿ ಎಂಬುದಕ್ಕಿಂತ, ಅವರೊಂದಿಗೆ ಈಗಲೇ ಏನು ಮಾತನಾಡಿಕೊಳ್ಳುತ್ತೀರಿ ಎಂಬುದೇ ಹೆಚ್ಚು ಮುಖ್ಯ.

ಹರಿಯುವುದೆಂದರೆ ಎಲ್ಲವೂ ಒಂದೇ ಬಗೆಯದಲ್ಲ. ಯೋನಿಗೂ ಗುದದ್ವಾರಕ್ಕೂ ನಡುವಿನ ಭಾಗದಲ್ಲಿ ಚರ್ಮ ಮಾತ್ರ ಬಿರಿದರೆ ಅದು ಮೊದಲನೇ ದರ್ಜೆ, ಒಳಗಿನ ಸ್ನಾಯುವೂ ಹರಿದರೆ ಎರಡನೆಯದು. ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುವಿಗೆ ಪೆಟ್ಟಾದರೆ ಮೂರನೆಯದು, ಗುದದ ಒಳಪೊರೆಯವರೆಗೂ ಹೋದರೆ ನಾಲ್ಕನೆಯದು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ಕೊಡುವ ಲೆಕ್ಕದ ಪ್ರಕಾರ ಚೊಚ್ಚಲ ಹೆರಿಗೆಯಲ್ಲಿ 10 ಮಂದಿಯಲ್ಲಿ 9 ಮಂದಿಯವರೆಗೆ ತರಚು, ಹರಿದ ಗಾಯ ಅಥವಾ ದಾರಿ ಅಗಲವಾಗಲೆಂದು ಡಾಕ್ಟರೇ ಹಾಕಿದ ಕತ್ತರಿ, ಏನಾದರೊಂದು ಆಗಿಯೇ ಇರುತ್ತದೆ. ಆದರೆ ಮೂರನೇ, ನಾಲ್ಕನೇ ದರ್ಜೆಯವರೆಗೆ ಹೋಗುವುದು 100ರಲ್ಲಿ ಸುಮಾರು 6 ಮಂದಿಗೆ. ನಿಮ್ಮ ನಿದ್ದೆ ಕೆಡಿಸಿರುವುದು ಈ ಎರಡನೆಯ ಲೆಕ್ಕ. ಮೊದಲ ಎರಡು ದರ್ಜೆಯವು ಕೆಲವು ವಾರಗಳಲ್ಲಿ ಮಾಯುತ್ತವೆ, ಹೊಲಿಗೆಯ ದಾರವೂ ತಾನಾಗಿಯೇ ಕರಗುತ್ತದೆ.

ಎಣ್ಣೆಯ ಮಸಾಜ್ ವಿಷಯದಲ್ಲಿ ನಿಮ್ಮ ಗೆಳತಿ ಅರ್ಧ ಸರಿ. 34–35 ವಾರ ತುಂಬಿದ ಮೇಲೆ ವಾರಕ್ಕೆ ಒಂದೆರಡು ಬಾರಿ ಮಾಡಿಕೊಂಡರೂ ಚೊಚ್ಚಲ ಗರ್ಭಿಣಿಯರಲ್ಲಿ ಹೊಲಿಗೆ ಬೀಳುವ ಸಾಧ್ಯತೆ ಸ್ವಲ್ಪ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಿಶೀಲನೆ ಹೇಳಿದೆ. ಸುಮಾರು 15 ಮಂದಿ ಮಾಡಿಕೊಂಡರೆ ಒಬ್ಬರಿಗೆ ಹೊಲಿಗೆ ತಪ್ಪುತ್ತದೆ. ಹರಿಯುವುದೇ ಇಲ್ಲ ಎಂದು ಭರವಸೆ ಕೊಡುವಷ್ಟು ದೊಡ್ಡ ಲಾಭವಲ್ಲ, ಆದರೂ ಖರ್ಚಿಲ್ಲದ್ದು. ಉಗುರು ಕತ್ತರಿಸಿ, ಕೈ ತೊಳೆದು, ಬಿಸಿನೀರಿನ ಸ್ನಾನದ ನಂತರ ದಿಂಬಿಗೆ ಒರಗಿ ಕುಳಿತು, ಹೆಬ್ಬೆರಳಿಗೆ ಶುದ್ಧವಾದ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಯೋನಿಯೊಳಗೆ ಸುಮಾರು 3 ಸೆಂಟಿಮೀಟರಿನಷ್ಟು ಇಟ್ಟು, ಗುದದ ಕಡೆಗೆ ಕೆಳಕ್ಕೂ ಆಮೇಲೆ ಎರಡು ಬದಿಗೂ ಮೆಲ್ಲಗೆ ಒತ್ತಿ ಹಿಗ್ಗಿಸಬೇಕು. ಸಣ್ಣಗೆ ಉರಿದಂತೆ, ಬಿಗಿದಂತೆ ಅನಿಸುವುದು ಸಹಜ. ನೋವಾದರೆ ಒತ್ತಡ ಹೆಚ್ಚಾಗಿದೆ ಎಂದರ್ಥ. ಐದು ನಿಮಿಷ ಸಾಕು. ಹೊಟ್ಟೆ ಅಡ್ಡವಾಗಿ ಕೈ ಎಟುಕದಿದ್ದರೆ, ನಿಮಗೆ ಒಪ್ಪಿಗೆಯಿದ್ದರೆ, ಪತಿ ನೆರವಾಗಬಹುದು. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ, ರಕ್ತ ಕಾಣಿಸಿದ್ದರೆ, ನೀರು ಹೋಗಿದ್ದರೆ ಅಥವಾ ಆ ಭಾಗದಲ್ಲಿ ಸೋಂಕಿದ್ದರೆ ಮಾತ್ರ ಮಾಡಲೇಬಾರದು. ಶುರು ಮಾಡುವ ಮುನ್ನ ಡಾಕ್ಟರಿಗೊಂದು ಮಾತು ಹೇಳಿ, ಒಪ್ಪಿಗೆ ಪಡೆದುಕೊಳ್ಳಿ.

ತುಪ್ಪದ ಮಾತಿಗೆ ಹೆಚ್ಚು ಸ್ಥಳ ಬೇಕಿಲ್ಲ. ಕುಡಿದ ತುಪ್ಪ ಹೋಗುವುದು ಹೊಟ್ಟೆಗೆ. ಮಗು ಬರುವ ದಾರಿಯೇ ಬೇರೆ. ಅತ್ತೆಯವರ ಪ್ರೀತಿಗೆ ಅನ್ನದ ಮೇಲೊಂದು ಚಮಚ ಹಾಕಿಸಿಕೊಳ್ಳಿ, ಅಷ್ಟೇ. ನೋವು ಬರಲೆಂದು ಹರಳೆಣ್ಣೆ ಕುಡಿಸಲು ಯಾರಾದರೂ ಬಂದರೆ ಮಾತ್ರ ಖಂಡಿತ ಬೇಡವೆನ್ನಿ. ಅದರಿಂದ ವಾಂತಿ ಭೇದಿಯಾಗಿ, ಹೆರಿಗೆಗೆ ಮೊದಲೇ ನೀವು ಸೋತು ಹೋಗುತ್ತೀರಿ.

ಇನ್ನು ಹೆರಿಗೆ ಕೋಣೆಯ ವಿಚಾರ. ಮಗುವಿನ ತಲೆ ಕಾಣಿಸಿಕೊಂಡಾಗ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಸ್ವಚ್ಛ ಬಟ್ಟೆಯನ್ನು ಕೆಳಭಾಗಕ್ಕೆ ಒತ್ತಿ ಹಿಡಿಯುವುದರಿಂದ ಮೂರನೇ, ನಾಲ್ಕನೇ ದರ್ಜೆಯವರೆಗೆ ಹರಿಯುವುದು ಕಡಿಮೆಯಾಗುತ್ತದೆ. ಒಂದು ಬೇಸಿನ್ ನೀರು, ಒಂದು ತುಂಡು ಬಟ್ಟೆ – ಇಷ್ಟು ಅಗ್ಗದ ಉಪಾಯ ನಮ್ಮ ಎಷ್ಟೋ ಹೆರಿಗೆ ಕೋಣೆಗಳಲ್ಲಿ ಇನ್ನೂ ರೂಢಿಗೆ ಬಾರದಿರುವುದು ನನಗೆ ಬೇಸರದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸುಗಳಲ್ಲಿ ಈ ಬಿಸಿ ಬಟ್ಟೆಯೂ ಇದೆ, ಕೆಳಭಾಗಕ್ಕೆ ಕೈಯ ಆಸರೆ ಕೊಡುವುದೂ ಇದೆ. ಎಲ್ಲರಿಗೂ ರೂಢಿಯಂತೆ ಕತ್ತರಿ ಹಾಕುವುದು ಬೇಡವೆಂದೂ, ಹೊಟ್ಟೆಯ ಮೇಲಿನಿಂದ ಒತ್ತಿ ಮಗುವನ್ನು ತಳ್ಳುವುದು ಬೇಡವೆಂದೂ ಅದೇ ಶಿಫಾರಸು ಹೇಳುತ್ತದೆ. ಮೊದಲೇ ಕತ್ತರಿಸಿದರೆ ಹರಿಯುವುದು ತಪ್ಪುತ್ತದೆ ಎಂಬ ಹಳೆಯ ನಂಬಿಕೆಯ ಮೇಲೆ ಚೊಚ್ಚಲಿನವರಿಗೆಲ್ಲ ಕತ್ತರಿ ಹಾಕುವ ಪದ್ಧತಿ ಕೆಲವೆಡೆ ಉಳಿದುಕೊಂಡಿದೆ. ಹಾಗೆಂದು ಕತ್ತರಿಯೇ ಬೇಡವೆಂದು ಹಟ ಹಿಡಿಯುವುದೂ ತಪ್ಪು. ಮಗುವಿನ ಎದೆಬಡಿತ ಇಳಿದು ತುರ್ತಾಗಿ ಹೊರತೆಗೆಯಬೇಕಾದಾಗ, ಅಥವಾ ಫೋರ್ಸೆಪ್ಸ್ (ಮಗುವಿನ ತಲೆ ಹಿಡಿದು ಎಳೆಯುವ ಇಕ್ಕಳ) ಹಾಕಬೇಕಾದಾಗ, ಸರಿಯಾದ ಹೊತ್ತಿನಲ್ಲಿ ಓರೆಯಾಗಿ ಹಾಕಿದ ಕತ್ತರಿ ದೊಡ್ಡದಾಗಿ ಹರಿಯುವುದರಿಂದ ಕಾಪಾಡಬಹುದು.

ನಿಮ್ಮ ಪಾಲಿನ ಕೆಲಸವೂ ಒಂದಿದೆ. ತಲೆ ಹೊರಬರುವ ಘಳಿಗೆಯಲ್ಲಿ ಬೆಂಕಿ ಇಟ್ಟಂತೆ ಉರಿಯುತ್ತದೆ. ಆಗ ಮುಕ್ಕಿ ತಳ್ಳಿಬಿಡಬೇಕು ಅನಿಸುತ್ತದೆ, ಸುತ್ತ ನಿಂತವರೂ ‘ಮುಕ್ಕಮ್ಮ, ಮುಕ್ಕು’ ಎಂದು ಕೂಗುತ್ತಾರೆ. ಆದರೆ ಡಾಕ್ಟರು ನಿಲ್ಲಿಸು ಎಂದ ಕ್ಷಣವೇ ಮುಕ್ಕುವುದನ್ನು ಬಿಟ್ಟು, ಬಾಯಿ ತೆರೆದು ಹಾ ಹಾ ಎಂದು ಸಣ್ಣ ಸಣ್ಣ ಉಸಿರು ಬಿಡಬೇಕು. ತಲೆ ನಿಧಾನವಾಗಿ ಬಂದಷ್ಟೂ ಚರ್ಮಕ್ಕೆ ಹಿಗ್ಗಲು ಕಾಲ ಸಿಗುತ್ತದೆ. ಮನೆಯಲ್ಲಿ ಈಗಿನಿಂದಲೇ ಈ ಉಸಿರನ್ನು ಅಭ್ಯಾಸ ಮಾಡಿಕೊಳ್ಳಿ. ಅಂಗಾತ ಮಲಗಿಯೇ ಹೆರಬೇಕೆಂದೇನೂ ಇಲ್ಲ, ಎಡಕ್ಕೆ ಹೊರಳಿ ಮಲಗಿಯೂ ಹೆರಬಹುದು; ನಿಮ್ಮ ಆಸ್ಪತ್ರೆಯಲ್ಲಿ ಇದಕ್ಕೆ ಅವಕಾಶವಿದೆಯೇ ಎಂದು ಕೇಳಿ.

ಸಿಸೇರಿಯನ್ ಮಾಡಿಸಿಕೊಂಡರೆ ಕೆಳಗಿನ ಹೊಲಿಗೆ ತಪ್ಪುತ್ತದೆ, ಹೊಟ್ಟೆಯ ಹೊಲಿಗೆ ಬರುತ್ತದೆ. ಅದು ಪೂರ್ಣ ಪ್ರಮಾಣದ ಶಸ್ತ್ರಚಿಕಿತ್ಸೆ. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವಂತಹ ತೊಡಕುಗಳೂ ಇವೆ. ಹರಿಯುವ ಭಯವೊಂದಕ್ಕೇ ಅದನ್ನು ಆರಿಸಿಕೊಳ್ಳಲು ನಾನು ಹೇಳಲಾರೆ. ಆದರೆ ಇಷ್ಟೆಲ್ಲ ಮಾತನಾಡಿದ ಮೇಲೂ ಭಯ ಕದಲದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಹೆರಿಗೆಯ ತೀವ್ರ ಭಯಕ್ಕೆ ಆಪ್ತಸಮಾಲೋಚನೆ ಇದೆ, ಅದು ನಾಚಿಕೆಪಡುವ ವಿಷಯವಲ್ಲ.

ನಮ್ಮ ಊರಿನ ಒಪಿಡಿಗಳಲ್ಲಿ ಕ್ಯೂ ನಿಂತು ಒಳಗೆ ಹೋದವರಿಗೆ ಸಿಗುವುದು ನಾಲ್ಕಾರು ನಿಮಿಷ. ಎದುರು ಕೂತಾಗ ಕೇಳಬೇಕಾದ್ದು ಮರೆತೇ ಹೋಗುತ್ತದೆ. ಹಾಗಾಗಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಚೊಚ್ಚಲಿನವರಿಗೆಲ್ಲ ಕತ್ತರಿ ಹಾಕುತ್ತೀರಾ, ಬಿಸಿ ಬಟ್ಟೆ ಇಡುತ್ತೀರಾ, ಜೊತೆಗೆ ಅಮ್ಮನೋ ಗಂಡನೋ ಇರಬಹುದೇ. ಹೇಳಲು ನಾಚಿಕೆಯಾದರೆ ಚೀಟಿಯನ್ನೇ ಅವರ ಕೈಗೆ ಕೊಡಿ.

ಪ್ರಶ್ನೆ: ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಹೆರಿಗೆಯಾಗಿ ವಾರವಾಯಿತು, ಹೊಲಿಗೆ ಬಿದ್ದಿದೆ. ಬಾಣಂತಿಗೆ ನೀರು ಹೆಚ್ಚು ಕೊಡಬಾರದು, ಸೊಪ್ಪು ಹಣ್ಣು ಶೀತ ಎಂದು ನಮ್ಮಲ್ಲಿ ಪದ್ಧತಿ. ಅವಳು ಶೌಚಕ್ಕೆ ಹೋಗಲು ಹೆದರಿ ತಡೆದುಕೊಳ್ಳುತ್ತಿದ್ದಾಳೆ. ಕೆಂಡದ ಹೊಗೆ ಕೊಡಬಹುದೇ?
– ಒಬ್ಬ ತಾಯಿ, ಬಸವನಗುಡಿ

ಉತ್ತರ: ಅಮ್ಮ, ಬಾಣಂತನದ ಎರೆಯುವುದು, ಮೈಗೆ ಎಣ್ಣೆ ತಿಕ್ಕುವುದು, ವಿಶ್ರಾಂತಿ ಇವೆಲ್ಲ ಇರಲಿ, ನೀರಿನ ಪಥ್ಯವನ್ನು ಮಾತ್ರ ಇಂದೇ ಬಿಡಿ. ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ಮುಕ್ಕಬೇಕಾಗುತ್ತದೆ, ಮುಕ್ಕಿದರೆ ಹೊಲಿಗೆ ಜಗ್ಗುತ್ತದೆ, ಆ ನೋವಿಗೆ ಹೆದರಿ ಅವಳು ಇನ್ನಷ್ಟು ತಡೆದುಕೊಳ್ಳುತ್ತಾಳೆ. ಹಾಲುಣಿಸುವವಳಿಗೆ ಬಾಯಾರಿಕೆಯೂ ಹೆಚ್ಚು. ತಣ್ಣೀರು ಬೇಡವೆಂದರೆ ಕಾಯಿಸಿ ಆರಿಸಿದ ನೀರು ಕೊಡಿ, ತಿಳಿಸಾರು ಕೊಡಿ, ಬೇಯಿಸಿದ ಸೊಪ್ಪು, ಪಪ್ಪಾಯ ಕೊಡಿ. ಇಷ್ಟಕ್ಕೂ ಸಡಿಲವಾಗದಿದ್ದರೆ ಮಲ ಮೆದುವಾಗುವ ಸಿರಪ್ ಅನ್ನು ಡಾಕ್ಟರೇ ಬರೆದುಕೊಡುತ್ತಾರೆ.

ಕೆಂಡದ ಹೊಗೆ ಹೊಲಿಗೆಗೆ ಬೇಡ. ಸುಡುವ ಅಪಾಯವಿದೆ, ಮುಚ್ಚಿದ ಕೋಣೆಯಲ್ಲಿ ಇದ್ದಿಲ ಹೊಗೆ ಕೂಸಿನ ಉಸಿರಿಗೂ ಕೆಟ್ಟದ್ದು. ಶೌಚಕ್ಕೆ ಹೋಗಿ ಬಂದಾಗಲೆಲ್ಲ ಮುಂದಿನಿಂದ ಹಿಂದಕ್ಕೆ ಉಗುರುಬೆಚ್ಚಗಿನ ನೀರು ಸುರಿದು ತೊಳೆದು, ಮೆತ್ತನೆಯ ಒಣಬಟ್ಟೆಯಿಂದ ಒತ್ತಿ ಒರೆಸಿ, ಪ್ಯಾಡ್ ಬದಲಿಸಿದರೆ ಸಾಕು.

ಜ್ವರ, ಕೆಟ್ಟ ವಾಸನೆಯ ಸ್ರಾವ, ದಿನೇ ದಿನೇ ಏರುವ ನೋವು ಅಥವಾ ಹೊಲಿಗೆ ಬಿಟ್ಟುಕೊಂಡದ್ದು ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಳಿಯನ್ನೋ ಮಲವನ್ನೋ ತಡೆದುಕೊಳ್ಳಲಾಗುತ್ತಿಲ್ಲವೇ ಎಂದು ಮಗಳನ್ನು ನೀವೇ ಏಕಾಂತದಲ್ಲಿ ಕೇಳಿ, ಏಕೆಂದರೆ ಅವಳಾಗಿ ಹೇಳಲಾರಳು. ಹೌದೆಂದರೆ ಹೆರಿಗೆ ಮಾಡಿಸಿದ ಡಾಕ್ಟರಿಗೆ ಅದೇ ಮಾತಿನಲ್ಲಿ ತಿಳಿಸಿ. ಗುದದ ಸ್ನಾಯು ಹರಿದದ್ದು ಕಣ್ಣು ತಪ್ಪಿದೆಯೇ ಎಂದು ಅವರು ಪರೀಕ್ಷಿಸಬೇಕು, ಅದಕ್ಕೆ ಚಿಕಿತ್ಸೆಯೂ ಇದೆ.