ಹನ್ನೊಂದನೆಯ ಮನೆ

ವಿಡಿಯೊ ಗೇಮಿನ ಕಾರ್ಡುಗಳ ಕಾರಣಕ್ಕೆ ಮನೆಯಲ್ಲಿ ಜಗಳವಾಗುತ್ತಿದೆಯೆಂದು ಹೊರದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದು ಆಪ್ತಸಮಾಲೋಚನೆಗಾಗಿ ನನ್ನನ್ನು ಆನ್‌ಲೈನಿನಲ್ಲಿ ಕಂಡ ಮೂರನೆಯ ಪ್ರಕರಣ ಇದು. ತಂದೆತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿರುವ 11 ವರ್ಷದ ಹುಡುಗಿ, ತಂದೆಯ ಕ್ರೆಡಿಟ್ ಕಾರ್ಡ್ ಬಳಸಿ ಗುಟ್ಟಾಗಿ ‘ಅನಿಮಲ್ ಕ್ರಾಸಿಂಗ್’ ಆಟದ ಅಮಿಬೊ ಕಾರ್ಡುಗಳ 14 ಪೊಟ್ಟಣ ತರಿಸಿಕೊಂಡಿದ್ದಳು. ಪ್ರಾಣಿಗಳನ್ನು ನೆರೆಯವರನ್ನಾಗಿ ಮಾಡಿಕೊಂಡು ದ್ವೀಪವೊಂದರಲ್ಲಿ ಬಾಳುವ ಆಟವದು; ಅಮಿಬೊ ಎಂದರೆ ಆ ಪ್ರಾಣಿಗಳ ಚಿತ್ರವಿರುವ, ಆಟದ ಸಾಧನಕ್ಕೆ ಮುಟ್ಟಿಸುವ ಕಾರ್ಡು. ಸುಮಾರು 6 ಡಾಲರಿನ ಪೊಟ್ಟಣದಲ್ಲಿ 6 ಕಾರ್ಡುಗಳಿರುತ್ತವೆ. ಯಾವುವೆಂದು ಒಡೆಯುವವರೆಗೆ ತಿಳಿಯುವುದಿಲ್ಲ. 2021ರ ನವೆಂಬರಿನಲ್ಲಿ ಬಂದ ಐದನೆಯ ಸರಣಿಯಲ್ಲಿರುವುದೇ 48 ಕಾರ್ಡು, ಇವಳ ಬಳಿ ಇದ್ದದ್ದು 84. ಎಲ್ಲವನ್ನೂ ಕಸಕ್ಕೆ ಹಾಕಬೇಕೆಂದು ತಾಯಿ ನಿರ್ಧರಿಸಿಯಾಗಿತ್ತು.

ಎರಡನೆಯ ಭೇಟಿಗೆ ಕಾರ್ಡುಗಳನ್ನು ತರಲು ಹೇಳಿದೆ. ಅವಳು ಸಂಖ್ಯೆಯ ಕ್ರಮದಲ್ಲಿ ಮೇಜಿನ ಮೇಲೆ ಜೋಡಿಸಿ, ಎರಡೆರಡು ಬಂದವನ್ನು ಕೂದಲಿನ ರಬ್ಬರ್ ಬ್ಯಾಂಡಿನಿಂದ ಕಟ್ಟಿಟ್ಟಳು. ಇಷ್ಟೆಲ್ಲ ಯಾರಿಗಾಗಿ ಎಂದು ಕೇಳಿದ್ದಕ್ಕೆ ರೇಮಂಡ್ ಎಂಬ ಬೆಕ್ಕಿನ ಕಾರ್ಡನ್ನು ಕ್ಯಾಮೆರಾದತ್ತ ಹಿಡಿದಳು. ಮೂರನೆಯ ಪೊಟ್ಟಣದಲ್ಲೇ ಬಂದಿತ್ತಂತೆ! ಆಟವಾಡುವ ಸಾಧನವಾದ ನಿಂಟೆಂಡೊ ಸ್ವಿಚ್‌ನ ಬಲಗಡೆಯ ಸ್ಟಿಕ್‌ಗೆ ಅದನ್ನು ಮುಟ್ಟಿಸಿದರೆ ಆ ಬೆಕ್ಕು ಇವಳ ದ್ವೀಪದ ಬಿಡಾರಕ್ಕೆ ಬರುತ್ತದೆ. ಹೀಗೆ ಮೂರು ದಿನ ಕರೆದು, ಕೇಳಿದ ಸಾಮಾನು ಮಾಡಿಕೊಟ್ಟರೆ ಅಲ್ಲಿಯೇ ನೆಲೆಸಲು ಒಪ್ಪುತ್ತದೆ. ಆದರೆ ದ್ವೀಪದಲ್ಲಿ ಇರುವುದು ಹತ್ತೇ ಮನೆ.

“ಅವನು ಬಂದ್ರೆ ಒಬ್ರು ಹೋಗ್ಬೇಕು ಆಂಟಿ. ಯಾರು ಅಂತ ನಾನೇ ಹೇಳ್ಬೇಕು. ಹೇಳೋಕಾಗಲ್ಲ, ಅದಕ್ಕೇ ಇನ್ನೊಂದು ಪ್ಯಾಕೆಟ್ ತೆಗೀತೀನಿ.”

“ನಾವೂ ಎರಡು ಸಲ ಊರು ಬದಲಿಸಿದ್ವಿ,” ಎಂದು ತಾಯಿ ಕಣ್ಣೊರೆಸಿಕೊಂಡರು. ಆ ಎಳೆಯನ್ನು ಹಿಡಿದು ಎಳೆಯುವ ಆಸೆ ನನಗೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ, ಎಳೆಯಲಿಲ್ಲ. ಮಗು ಆಟದ ಬಗ್ಗೆ ಹೇಳಿದ್ದನ್ನು ಆಟದ ಬಗ್ಗೆಯೇ ಹೇಳಿದ್ದೆಂದು ಮೊದಲು ನಂಬಬೇಕೆಂಬುದು ನನ್ನ ಪಟ್ಟು.

ಕೊಟ್ಟ ಸಲಹೆ ಪೊಟ್ಟಣಗಳಿಗೆ ಸಂಬಂಧಿಸಿದ್ದು. ತಾನೂ ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದ ಚಿತ್ರ ಕೂಡಿಸುತ್ತಿದ್ದೆ, ಇಂಥ ಹುಚ್ಚು ಹಿಡಿದಿರಲಿಲ್ಲ ಎಂದು ತಂದೆ ವಾದಿಸಿದರು. ಬೆಂಕಿಪೊಟ್ಟಣದ ಚಿತ್ರ ಹೊರಗೇ ಕಾಣುತ್ತಿತ್ತಲ್ಲವೇ ಎಂದೆ. ಪ್ರತಿ ಸಲವೂ ಸಿಗುವ ಬಹುಮಾನಕ್ಕಿಂತ ಯಾವಾಗ ಸಿಗುತ್ತದೋ ತಿಳಿಯದ ಬಹುಮಾನ ಕೈಯನ್ನು ಬಿಡದೆ ಎಳೆಯುತ್ತದೆ; ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇದನ್ನು ಪಾರಿವಾಳಗಳಲ್ಲಿ ತೋರಿಸಿದ್ದರು. ಆದ್ದರಿಂದ ಮುಚ್ಚಿದ ಪೊಟ್ಟಣ ಪೂರ್ತಿ ನಿಲ್ಲಲಿ, ಬೇಕಾದ ಕಾರ್ಡನ್ನು ಗೆಳತಿಯರೊಡನೆ ಅದಲುಬದಲು ಮಾಡಿಕೊಳ್ಳಲಿ ಅಥವಾ ಮುಖ ನೋಡಿ ಬಿಡಿಯಾಗಿ ಕೊಳ್ಳಲಿ, ಇರುವುದನ್ನು ಮಾತ್ರ ಎಸೆಯಬೇಡಿ ಎಂದೆ. ಕದ್ದ ಮಗುವಿಗೆ ಕದ್ದ ಮಾಲನ್ನೇ ಬಿಟ್ಟುಕೊಟ್ಟಂತಾಯಿತೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಹಣ ತೆಗೆದದ್ದು ತಪ್ಪು, ಅದಕ್ಕೆ ವಾರಕ್ಕೆ 5 ಡಾಲರಿನಂತೆ ಪಾಕೆಟ್ ಮನಿಯಿಂದ ತೀರಿಸುವ ಲೆಕ್ಕವಿದೆ. ಕಾರ್ಡುಗಳನ್ನು ಕಸಕ್ಕೆ ಹಾಕಿದ್ದರೆ ಆ ಸಾಲವನ್ನು ಅವಳು ಯಾವ ಮನಸ್ಸಿನಿಂದ ತೀರಿಸುತ್ತಿದ್ದಳು?

ಸಾಲ ಅರ್ಧ ತೀರಿದೆ, ಹೊಸ ಪೊಟ್ಟಣ ಬಂದಿಲ್ಲ. ರೇಮಂಡ್ ಇನ್ನೂ ಹೊರಗೇ ಇದ್ದಾನೆ. ಭಾನುವಾರಗಳಂದು ತಂದೆ ಪಕ್ಕದಲ್ಲಿ ಕುಳಿತು ಹತ್ತು ಮನೆಯವರ ಹೆಸರು ಕಲಿಯುತ್ತಿದ್ದಾರಂತೆ. ಈಗ ಯಾರನ್ನೂ ಕಳಿಸಬಾರದೆಂದು ಹಟ ಹಿಡಿದಿರುವವರು ಅವರೇ.