ಆರೋಗ್ಯ ಪ್ರಶ್ನೋತ್ತರ: ಪಂಚಕರ್ಮ ಯಾರಿಗೆ, ಯಾವಾಗ, ಹೇಗೆ?

ಪ್ರಶ್ನೆ: ನನಗೆ 42 ವರ್ಷ. ಹೇಳಿಕೊಳ್ಳುವಂಥ ಕಾಯಿಲೆಯೇನೂ ಇಲ್ಲ. ನನ್ನ ಗೆಳೆಯರು ಕೆಲವರು ಪ್ರತಿ ವರ್ಷ ಒಂದು ವಾರ ಪಂಚಕರ್ಮ ಮಾಡಿಸಿಕೊಂಡು ಬರುತ್ತಾರೆ. ಮೈಯಲ್ಲಿ ಸೇರಿದ್ದ ವಿಷವೆಲ್ಲ ಹೊರಗೆ ಹೋಯಿತು, ತೂಕವೂ ಇಳಿಯಿತು ಎನ್ನುತ್ತಾರೆ. ವಾಹನಕ್ಕೆ ಸರ್ವಿಸ್ ಮಾಡಿಸಿದಂತೆ ದೇಹಕ್ಕೂ ಇದು ವರ್ಷಕ್ಕೊಮ್ಮೆ ಬೇಕೇ?

ಉತ್ತರ: ಎಲ್ಲರಿಗೂ ವರ್ಷಕ್ಕೊಮ್ಮೆ ಆಗಲೇಬೇಕು ಎಂಬ ನಿಯಮವಿಲ್ಲ. ಆಯುರ್ವೇದವು ವಾತ, ಪಿತ್ತ, ಕಫಗಳೆಂಬ ದೋಷಗಳನ್ನು ಇದ್ದಲ್ಲಿಯೇ ಸಮಸ್ಥಿತಿಗೆ ತರುವ ಚಿಕಿತ್ಸೆಯನ್ನು ಶಮನವೆಂದೂ, ಹೆಚ್ಚಿದ ದೋಷಗಳನ್ನು ಹೊರಹಾಕುವ ಚಿಕಿತ್ಸೆಯನ್ನು ಶೋಧನವೆಂದೂ ಕರೆಯುತ್ತದೆ. ಪಂಚಕರ್ಮ ಶೋಧನದ ಗುಂಪಿಗೆ ಸೇರಿದ್ದು. ಚರಕನ ಪರಂಪರೆಯಲ್ಲಿ ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ನಿರೂಹ ಬಸ್ತಿ (ಗುದದ ಮೂಲಕ ಕಷಾಯ ಕೊಡುವುದು), ಅನುವಾಸನ ಬಸ್ತಿ (ಗುದದ ಮೂಲಕ ಎಣ್ಣೆ ಕೊಡುವುದು) ಮತ್ತು ನಸ್ಯ (ಮೂಗಿಗೆ ಔಷಧ ಹಾಕುವುದು) ಎಂಬ ಐದು ಕರ್ಮಗಳ ಎಣಿಕೆಯಿದ್ದರೆ, ವಾಗ್ಭಟನ ಅಷ್ಟಾಂಗಹೃದಯವು ಅನುವಾಸನವನ್ನು ಬಿಟ್ಟು ರಕ್ತಮೋಕ್ಷಣವನ್ನು (ರಕ್ತ ತೆಗೆಯುವುದನ್ನು) ಐದರಲ್ಲಿ ಸೇರಿಸುತ್ತದೆ. ಆರೋಗ್ಯವಂತರಿಗೂ ವಸಂತದಲ್ಲಿ ವಮನ, ಮಳೆಗಾಲದಲ್ಲಿ ಬಸ್ತಿ, ಶರದೃತುವಿನಲ್ಲಿ ವಿರೇಚನ ಎಂದು ಋತುವನ್ನನುಸರಿಸಿದ ಶೋಧನವನ್ನು ಗ್ರಂಥಗಳು ಹೇಳಿರುವುದು ನಿಜ. ಆದರೆ ಅಲ್ಲಿಯೂ ವ್ಯಕ್ತಿಯ ಬಲ, ವಯಸ್ಸು, ಜೀರ್ಣಶಕ್ತಿ ಮತ್ತು ದೋಷದ ಪ್ರಮಾಣವನ್ನು ಮೊದಲು ಪರೀಕ್ಷಿಸಬೇಕು. ಬಂದವರಿಗೆಲ್ಲ ಒಂದೇ ವಾರದ ಪ್ಯಾಕೇಜು ಎಂಬುದು ಆ ಗ್ರಂಥಗಳ ದೃಷ್ಟಿಯಲ್ಲೇ ಸರಿಯಲ್ಲ.

‘ವಿಷ ಹೊರಹೋಯಿತು’ ಎಂಬ ಮಾತಿನ ಬಗ್ಗೆಯೂ ಎಚ್ಚರವಿರಲಿ. ವಾತ, ಪಿತ್ತ, ಕಫಗಳೆಂಬುದು ಆಯುರ್ವೇದದ ಪರಿಕಲ್ಪನೆ. ಅವು ಸೀಸ, ಕೀಟನಾಶಕಗಳಂತೆ ಪ್ರಯೋಗಾಲಯದಲ್ಲಿ ಅಳೆಯಬಹುದಾದ ವಸ್ತುಗಳಲ್ಲ. ದೇಹದಲ್ಲಿ ಉಂಟಾಗುವ ತ್ಯಾಜ್ಯವನ್ನು ಹೊರಹಾಕುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಹಗಲಿರುಳೂ ಮಾಡುತ್ತಲೇ ಇರುತ್ತವೆ. ಒಂದು ವಾರದಲ್ಲಿ ಇಳಿದ ತೂಕದ ಬಹುಪಾಲು ನೀರು ಮತ್ತು ಕರುಳಿನಲ್ಲಿದ್ದ ಮಲವಷ್ಟೇ. ಊಟ ಮೊದಲಿನಂತಾದ ಮೇಲೆ ಅದು ಮರಳಿ ಬರುತ್ತದೆ. ನಿಮಗೆ ನಿದ್ರೆ, ಹಸಿವು, ಮಲಪ್ರವೃತ್ತಿ ಎಲ್ಲವೂ ಸರಿಯಾಗಿದ್ದರೆ, ಗೆಳೆಯರು ಮಾಡಿಸಿಕೊಂಡರು ಎಂಬ ಒಂದೇ ಕಾರಣಕ್ಕೆ ನೀವೂ ಮಾಡಿಸಿಕೊಳ್ಳಬೇಕಾಗಿಲ್ಲ.

ಪ್ರಶ್ನೆ: ಬಹಳ ಕಾಲದಿಂದ ಇರುವ ಚರ್ಮದ ತೊಂದರೆಗೆ ಆಯುರ್ವೇದ ವೈದ್ಯರು ವಿರೇಚನ ಹೇಳಿದ್ದಾರೆ. ಭೇದಿಯಾಗುವುದು ಒಂದು ದಿನ ಮಾತ್ರ. ಆದರೆ ಅದಕ್ಕೆ ಮೊದಲು ಹಲವು ದಿನ ತುಪ್ಪ ಕುಡಿಯಬೇಕಂತೆ, ಆಮೇಲೆ ಒಂದು ವಾರ ಗಂಜಿಯಂತೆ. ಇಷ್ಟೆಲ್ಲ ಏಕೆ? ನೇರವಾಗಿ ಭೇದಿಯ ಔಷಧ ತೆಗೆದುಕೊಂಡರೆ ಸಾಲದೇ? ನನಗೆ ಕೊಲೆಸ್ಟ್ರಾಲ್ ಸ್ವಲ್ಪ ಹೆಚ್ಚಿದೆ.

ಉತ್ತರ: ನೀವು ‘ಇಷ್ಟೆಲ್ಲ’ ಎಂದು ಬೇಸರಪಟ್ಟುಕೊಂಡಿರುವ ಭಾಗವೇ ಚಿಕಿತ್ಸೆಯ ಮುಖ್ಯ ಭಾಗ. ಭೇದಿ ಮಾಡಿಸುವುದು ಕಷ್ಟದ ಕೆಲಸವಲ್ಲ. ದೇಹವನ್ನು ಅದಕ್ಕೆ ಸಿದ್ಧಪಡಿಸುವುದು ಮತ್ತು ಆಮೇಲೆ ಜಠರಾಗ್ನಿಯನ್ನು ಮರಳಿ ಹದಕ್ಕೆ ತರುವುದು ಕಷ್ಟ. ದೋಷಗಳು ದೇಹದ ಎಲ್ಲೆಡೆ ಅಂಟಿಕೊಂಡಿರುತ್ತವೆ, ಸ್ನೇಹನದಿಂದ (ತುಪ್ಪ, ಎಣ್ಣೆಗಳ ಜಿಡ್ಡು ಕೊಡುವುದರಿಂದ) ಅವು ಸಡಿಲವಾಗಿ, ಸ್ವೇದನದಿಂದ (ಬೆವರಿಸುವುದರಿಂದ) ಕರಗಿ ಕೋಷ್ಠಕ್ಕೆ (ಹೊಟ್ಟೆ, ಕರುಳಿಗೆ) ಬಂದ ಮೇಲಷ್ಟೇ ಹೊರಹಾಕಬಹುದು ಎಂಬುದು ಶಾಸ್ತ್ರದ ವಾದ. ಆದ್ದರಿಂದ ಮೊದಲು ದೀಪನ-ಪಾಚನದ ಔಷಧಗಳಿಂದ ಹಸಿವನ್ನು ಚುರುಕುಗೊಳಿಸಿ, ಅನಂತರ ತುಪ್ಪವನ್ನು ಆರಂಭಿಸುತ್ತಾರೆ. ಚರ್ಮರೋಗಗಳಲ್ಲಿ ಸಾಮಾನ್ಯವಾಗಿ ಪಂಚತಿಕ್ತ ಘೃತ, ಮಹಾತಿಕ್ತಕ ಘೃತದಂಥ ಕಹಿ ಮೂಲಿಕೆಗಳ ತುಪ್ಪವನ್ನು ಆಯ್ದುಕೊಳ್ಳುತ್ತಾರೆ.

ತುಪ್ಪವನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಸಿ, ಬಾಯಾರಿದಾಗ ಬಿಸಿನೀರನ್ನು ಗುಟುಕು ಗುಟುಕಾಗಿ ಕೊಡುತ್ತಾರೆ. ಕುಡಿದ ತುಪ್ಪ ಪೂರ್ತಿ ಜೀರ್ಣವಾಗಿ, ತೇಗಿನಲ್ಲಿ ತುಪ್ಪದ ವಾಸನೆ ಹೋಗಿ, ನಿಜವಾದ ಹಸಿವಾದ ಮೇಲಷ್ಟೇ ಊಟ. ಮರುದಿನದ ಪ್ರಮಾಣವನ್ನು ಹಿಂದಿನ ದಿನ ಜೀರ್ಣವಾಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ನೋಡಿ ಹೆಚ್ಚಿಸಬೇಕು. ಸುಲಭವಾಗಿ ಭೇದಿಯಾಗುವ ಮೃದು ಕೋಷ್ಠದವರಿಗೆ 3 ದಿನದಲ್ಲಿ ಮುಗಿಯುವುದು, ಸುಲಭಕ್ಕೆ ಆಗದ ಕ್ರೂರ ಕೋಷ್ಠದವರಿಗೆ 7 ದಿನ ಹಿಡಿಯಬಹುದು. ಮಲದಲ್ಲಿ ಜಿಡ್ಡು ಕಾಣುವುದು, ಚರ್ಮ ಮೆತ್ತಗಾಗುವುದು, ತುಪ್ಪದ ಬಟ್ಟಲು ಕಂಡರೇ ‘ಇನ್ನು ಸಾಕು’ ಎನ್ನಿಸುವುದು, ಇವು ಸ್ನೇಹನ ಸರಿಯಾಗಿ ಆಗಿದೆ ಎಂಬುದರ ಲಕ್ಷಣಗಳು. ಕ್ಯಾಲೆಂಡರ್ ನೋಡಿ ನಿಲ್ಲಿಸುವುದಕ್ಕಿಂತ ಈ ಲಕ್ಷಣಗಳನ್ನು ನೋಡಿ ನಿಲ್ಲಿಸುವ ವೈದ್ಯರ ಮೇಲೆ ನನಗೆ ಹೆಚ್ಚು ನಂಬಿಕೆ. ಆಮೇಲೆ 3 ದಿನ ಅಭ್ಯಂಗ (ಮೈಗೆ ಎಣ್ಣೆ ತಿಕ್ಕುವುದು), ಸ್ವೇದನ ಮತ್ತು ಲಘು ಆಹಾರ. ಅದಾದ ಬಳಿಕ ತ್ರಿವೃತ್ ಲೇಹ್ಯದಂಥ ವಿರೇಚಕ ಔಷಧ. ಅಂದು ಎಷ್ಟು ವೇಗಗಳಾದವು (ಎಷ್ಟು ಸಲ ಭೇದಿಯಾಯಿತು), ಕೊನೆಯಲ್ಲಿ ಏನು ಹೊರಬಂತು ಎಂಬುದನ್ನು ಬರೆದಿಡುತ್ತಾರೆ. ಮೊದಲು ಮಲ, ನಂತರ ಪಿತ್ತ, ಕಡೆಗೆ ಲೋಳೆಯಂಥ ಕಫ ಬಂದು ನಿಂತರೆ ಶುದ್ಧಿ ಸರಿಯಾಯಿತೆಂದು ಲೆಕ್ಕ. ನೀರಿಳಿಕೆ, ತಲೆಸುತ್ತು, ಹೊಟ್ಟೆಯಲ್ಲಿ ತೀವ್ರ ನುಲಿತ, ರಕ್ತ ಕಾಣಿಸಿಕೊಳ್ಳುವುದು ಇವೆಲ್ಲ ಅತಿಯೋಗದ, ಅಂದರೆ ಶುದ್ಧಿ ಮಿತಿಮೀರಿದ್ದರ ಸೂಚನೆಗಳಾಗಿರಬಹುದು. ಆದ್ದರಿಂದ ಆ ದಿನ ಮನೆಯಲ್ಲಿ ಒಬ್ಬರೇ ಇರಬಾರದು.

ಗಂಜಿಯ ವಿಷಯ. ಶೋಧನದ ಬಳಿಕದ ಆಹಾರಕ್ರಮವಾದ ಸಂಸರ್ಜನ ಕ್ರಮದಲ್ಲಿ ಮೊದಲು ತೆಳುಗಂಜಿಯಾದ ಪೇಯ, ಬಳಿಕ ಗಟ್ಟಿಯಾದ ವಿಲೇಪಿ, ಆಮೇಲೆ ಒಗ್ಗರಣೆಯಿಲ್ಲದ ಹೆಸರುಬೇಳೆ ಕಟ್ಟು, ನಂತರ ಉಪ್ಪು, ಒಗ್ಗರಣೆ ಹಾಕಿದ ಕಟ್ಟು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಸಹಜ ಊಟಕ್ಕೆ ಬರಬೇಕು. ಶುದ್ಧಿ ಉತ್ತಮವಾಗಿದ್ದರೆ 7 ದಿನ, ಮಧ್ಯಮವಾಗಿದ್ದರೆ 5 ದಿನ, ಅಲ್ಪವಾಗಿದ್ದರೆ 3 ದಿನ. ಈ ಹಂತವನ್ನು ಹಾರಿಸಿ ಮರುದಿನವೇ ಕರಿದ ತಿಂಡಿ ತಿಂದು, ಹೊಟ್ಟೆ ಉಬ್ಬರಿಸಿಕೊಂಡು, ‘ಪಂಚಕರ್ಮ ನನಗೆ ಒಗ್ಗಲಿಲ್ಲ’ ಎಂದು ದೂರುವವರು ಬಹಳ ಮಂದಿ.

ನಿಮ್ಮ ಕೊಲೆಸ್ಟ್ರಾಲ್ ವಿಚಾರವನ್ನು ಹಗುರವಾಗಿ ಬಿಡಬೇಡಿ. ಟ್ರೈಗ್ಲಿಸರೈಡ್ ಬಹಳ ಹೆಚ್ಚಿದ್ದರೆ, ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತವಾಗಿದ್ದರೆ ಅಥವಾ ಪಿತ್ತಕೋಶದಲ್ಲಿ ಕಲ್ಲುಗಳಿದ್ದರೆ ಒಮ್ಮೆಗೇ ಹೆಚ್ಚು ತುಪ್ಪ ಕುಡಿಯುವುದು ಅಪಾಯಕಾರಿ. ರಕ್ತಪರೀಕ್ಷೆಯ ವರದಿಯನ್ನು ವೈದ್ಯರಿಗೆ ತೋರಿಸಿದ ಮೇಲೆಯೇ ಮೊದಲ ಬಟ್ಟಲನ್ನು ಕೈಗೆತ್ತಿಕೊಳ್ಳಿ.

ಪ್ರಶ್ನೆ: ಹಣೆಯ ಮೇಲೆ ಎಣ್ಣೆ ಧಾರೆ ಬಿಡುವ ಶಿರೋಧಾರಾ ಮತ್ತು ಮೈಗೆ ಎಣ್ಣೆ ತಿಕ್ಕುವುದನ್ನೇ ಕೆಲವು ಕಡೆ ಪಂಚಕರ್ಮ ಎನ್ನುತ್ತಾರೆ. ಅದು ಸರಿಯೇ?

ಉತ್ತರ: ಐದು ಕರ್ಮಗಳ ಪಟ್ಟಿಯಲ್ಲಿ ಅವು ಇಲ್ಲ. ಅಭ್ಯಂಗ ಪೂರ್ವಕರ್ಮದ, ಅಂದರೆ ಮೊದಲ ಸಿದ್ಧತೆಯ ಭಾಗ. ಶಿರೋಧಾರಾ, ಪಿಳಿಚ್ಚಿಲ್ (ಮೈಮೇಲೆ ಬೆಚ್ಚಗಿನ ಎಣ್ಣೆ ಸುರಿಯುವುದು), ಞವರಕ್ಕಿಳಿಗಳು (ಬೇಯಿಸಿದ ಞವರ ಅಕ್ಕಿಯ ಗಂಟಿನಿಂದ ತಿಕ್ಕುವುದು) ಕೇರಳದ ವೈದ್ಯ ಪರಂಪರೆಯಲ್ಲಿ ಬೆಳೆದು ಪ್ರಸಿದ್ಧವಾದವು. ಮನಸ್ಸು ಹಗುರಾಗಲು, ನಿದ್ರೆ ಬರಲು ಅನೇಕರು ಇವುಗಳನ್ನು ಮೆಚ್ಚುತ್ತಾರೆ, ಮೆಚ್ಚಲಿ. ಆದರೆ ಇವು ಶೋಧನವಲ್ಲ.

ಪ್ರಶ್ನೆ: ನಮ್ಮ ತಂದೆಯವರಿಗೆ 71 ವರ್ಷ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ, ಮಾತ್ರೆ ನುಂಗುತ್ತಿದ್ದಾರೆ. ಮೊಣಕಾಲು ನೋವಿಗೆ ಬಸ್ತಿ ಮಾಡಿಸಬಹುದೇ? ಆ ದಿನಗಳಲ್ಲಿ ಮಾತ್ರೆಗಳನ್ನು ನಿಲ್ಲಿಸಬೇಕೇ?

ಉತ್ತರ: ಯಾವ ಬಸ್ತಿ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಉದ್ದಿನ ಹಿಟ್ಟಿನ ಕಟ್ಟೆಯನ್ನು ಮೊಣಕಾಲಿನ ಮೇಲೆ ಕಟ್ಟಿ, ಅದರೊಳಗೆ ಬೆಚ್ಚಗಿನ ಎಣ್ಣೆಯನ್ನು ನಿಲ್ಲಿಸುವ ಜಾನುಬಸ್ತಿ ಕೇವಲ ಹೊರಗಿನ ಉಪಚಾರ; ಎಣ್ಣೆಯ ಬಿಸಿಯ ಬಗ್ಗೆ ಎಚ್ಚರ ವಹಿಸಿದರೆ ಹೆಚ್ಚಿನ ತೊಡಕಿಲ್ಲ. ಆದರೆ ಸಕ್ಕರೆ ಕಾಯಿಲೆ ಹಳೆಯದಾಗಿದ್ದು ಕಾಲಿನ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಬಿಸಿ ಗೊತ್ತಾಗದೆ ಬೊಬ್ಬೆ ಬರಬಹುದು. ಎಣ್ಣೆಯನ್ನು ಬೇರೊಬ್ಬರು ಮುಟ್ಟಿ ನೋಡಬೇಕು. ಗುದದ ಮೂಲಕ ಕೊಡುವ ಬಸ್ತಿಯನ್ನೇ ಹೇಳಿದ್ದರೆ ಅದು ಬೇರೆ ವಿಚಾರ. ಮೊಣಕಾಲು ನೋವಿನಂಥ ವಾತರೋಗಗಳಲ್ಲಿ ಬಸ್ತಿಗೆ ಆಯುರ್ವೇದ ಅಗ್ರಸ್ಥಾನ ಕೊಟ್ಟಿದೆ. ವಮನ, ವಿರೇಚನಗಳನ್ನು ತಡೆದುಕೊಳ್ಳಲಾರದ ವೃದ್ಧರಿಗೂ ಯೋಚಿಸಿ ಕೊಡಬಹುದಾದ ಕರ್ಮವದು. ಎಣ್ಣೆಯ ಅನುವಾಸನವನ್ನು ಊಟದ ನಂತರವೂ, ಜೇನುತುಪ್ಪ, ಸೈಂಧವ ಲವಣ, ಎಣ್ಣೆ, ಕಲ್ಕ (ಮೂಲಿಕೆಗಳನ್ನು ಅರೆದ ಮುದ್ದೆ), ಕಷಾಯಗಳನ್ನು ಅದೇ ಅನುಕ್ರಮದಲ್ಲಿ ಕಡೆದು ಸಿದ್ಧಪಡಿಸುವ ನಿರೂಹವನ್ನು ಹಿಂದಿನ ಊಟ ಜೀರ್ಣವಾದ ಮೇಲೂ ಕೊಡುತ್ತಾರೆ. ನಿಮ್ಮ ತಂದೆಯವರಿಗೆ ಮೂಲವ್ಯಾಧಿಯ ರಕ್ತಸ್ರಾವವಿದ್ದರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಬೇಕು.

ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನಿಲ್ಲಿಸಲೇಬೇಡಿ. ಊಟ ಕಡಿಮೆಯಾದ ದಿನಗಳಲ್ಲಿ ಇನ್ಸುಲಿನ್ ಮತ್ತು ಕೆಲವು ಮಾತ್ರೆಗಳಿಂದ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಭೇದಿಯೂ ಸೇರಿದರೆ ಪೊಟ್ಯಾಸಿಯಂ ಇಳಿಯುತ್ತದೆ. ಯಾವುದನ್ನು ಎಷ್ಟು ಕಡಿಮೆ ಮಾಡಬೇಕೆಂಬುದನ್ನು ಆ ಮಾತ್ರೆಗಳನ್ನು ಬರೆದುಕೊಟ್ಟ ವೈದ್ಯರೇ ನಿರ್ಧರಿಸಲಿ, ಅದು ಪಂಚಕರ್ಮದ ವೈದ್ಯರಿಗೂ ಗೊತ್ತಿರಲಿ. ಇವರಿಬ್ಬರೂ ಪರಸ್ಪರ ಮಾತನಾಡುವುದಿಲ್ಲ ಎಂಬುದು ನಮ್ಮಲ್ಲಿ ರೋಗಿಗಳು ಅನುಭವಿಸುವ ದೊಡ್ಡ ತೊಂದರೆ. ಹಾಗಾಗಿ ಮಾತ್ರೆಗಳ ಚೀಟಿಯನ್ನು ನೀವೇ ಒಯ್ದು ತೋರಿಸಬೇಕಾಗುತ್ತದೆ.

ಪ್ರಶ್ನೆ: ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿಯುವ ಅಭ್ಯಾಸ ಮನೆಯಲ್ಲಿದೆ. ಈಗ ವಿಡಿಯೊ ನೋಡಿ ಉಪ್ಪುನೀರು ಕುಡಿದು ಹೊಟ್ಟೆ ತೊಳೆಯುವುದನ್ನೂ ಮಾಡೋಣವೆಂದಿದ್ದೇವೆ. ಮಾಡಬಹುದೇ?

ಉತ್ತರ: ಉಪ್ಪುನೀರಿನ ಶಂಖಪ್ರಕ್ಷಾಲನ ಹಠಯೋಗದ ಕ್ರಿಯೆ, ಪಂಚಕರ್ಮವಲ್ಲ, ಅರಿತ ಯೋಗಶಿಕ್ಷಕರ ಎದುರಿನಲ್ಲಿ ಮಾಡಬೇಕಾದದ್ದು. ರಕ್ತದೊತ್ತಡ, ಹೃದಯದ ತೊಂದರೆ, ಮೂತ್ರಪಿಂಡದ ತೊಂದರೆ ಇರುವವರು ಅದರ ಗೋಜಿಗೇ ಹೋಗಬಾರದು. ಹರಳೆಣ್ಣೆಯನ್ನು ಮಲಬದ್ಧತೆಗೆ ಅಪರೂಪಕ್ಕೊಮ್ಮೆ ತೆಗೆದುಕೊಂಡರೆ ತಪ್ಪಿಲ್ಲ, ಆದರೆ ತಿಂಗಳು ತಿಂಗಳೂ ಮನೆಮಂದಿಗೆಲ್ಲ ಕುಡಿಸುವ ಅಗತ್ಯವಿಲ್ಲ. ಗರ್ಭಿಣಿಯರಿಗೆ ಅದನ್ನು ಕೊಡಲೇಬಾರದು, ಗರ್ಭಕೋಶ ಸಂಕುಚಿಸುವ ಸಾಧ್ಯತೆಯಿದೆ. ಕಾರಣ ತಿಳಿಯದ ಹೊಟ್ಟೆನೋವು ಇರುವವರು ಭೇದಿಯ ಔಷಧವನ್ನು ಮುಟ್ಟದೆ ಮೊದಲು ವೈದ್ಯರಿಗೆ ತೋರಿಸಿಕೊಳ್ಳಬೇಕು.