ಫೇಜೊನ ಹಳ್ಳಿಯಲ್ಲಿ ಕೇಳಿಸದ ಭಾಷೆ

ನಮಸ್ಕಾರ. ಇಸ್ತಾಂಬುಲ್‌ಗೆ ಬಂದ ಎರಡನೆಯ ತಿಂಗಳಲ್ಲೇ ನೆರೆಮನೆಯವರು ಚಹಾಕ್ಕೆ ಕರೆದು, ಟಿವಿಯಲ್ಲಿ ‘ಕಿಬಾರ್ ಫೇಜೊ’ ಚಿತ್ರ ನೋಡುತ್ತ ಎಲ್ಲರೂ ನಗುತ್ತಿದ್ದಾಗ ನಿಮಗೆ ಮುಜುಗರವಾಯಿತೆಂದೂ, ಇಲ್ಲಿನ ಹಳ್ಳಿಗಳು ನಿಜಕ್ಕೂ ಹೀಗಿವೆಯೇ, ತಾವೂ ನಗಬಹುದೇ ಎಂದೂ ಕೇಳಿದ್ದೀರಿ. ಹದಿನಾರು ವರ್ಷಗಳಿಂದ ಇಲ್ಲಿರುವ ನಾನು ಆ ಚಿತ್ರವನ್ನು ಬೇರೆ ಬೇರೆ ಮನೆಗಳಲ್ಲಿ ಕುಳಿತು ನೋಡಿದ್ದೇನೆ. ಧಾರಾಳವಾಗಿ ನಗಿ; ಆದರೆ ಪಕ್ಕದಲ್ಲಿ ಕುಳಿತವರು ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬುದನ್ನೂ ಗಮನಿಸಿ.

ಆತಿಫ್ ಯಿಲ್ಮಾಜ್ ನಿರ್ದೇಶಿಸಿದ ಈ ಚಿತ್ರ 1978ರದು. ಸೈನ್ಯದ ಸೇವೆ ಮುಗಿಸಿ ಊರಿಗೆ ಮರಳುವ ಬಡವ ಫೇಜೊನ ಪಾತ್ರ ಕೆಮಾಲ್ ಸುನಾಲ್ ಅವರದು. ಗುಲೊಳನ್ನು ಮದುವೆಯಾಗಲು ಅವನು ಅವಳ ತಂದೆಗೆ ‘ಬಾಶ್ಲಿಕ್’ ಕೊಡಬೇಕು. ನಮ್ಮ ಹಿರಿಯರು ‘ತೆರ’ ಎನ್ನುತ್ತಿದ್ದುದು ಇದನ್ನೇ. ಅವಳನ್ನೇ ಬಯಸುವ ಬಿಲೊ ಪೈಪೋಟಿಗೆ ನಿಂತಾಗ ಹೆಣ್ಣಿನ ಬೆಲೆ ಸಂತೆಯ ದನದ ಬೆಲೆಯಂತೆ ಏರುತ್ತದೆ. ನೀವು ಮುಜುಗರಪಟ್ಟದ್ದು ಅಲ್ಲಿಯೇ ಇರಬೇಕು, ಅದು ಸರಿಯಾಗಿಯೇ ಇದೆ. ಇವರೆಲ್ಲರ ಮೇಲೆ ಜಮೀನಿನ ಒಡೆಯ ಮಾಹೊ ಅಗಾ ಕುಳಿತಿದ್ದಾನೆ. ಪಟ್ಟಣದಲ್ಲಿ ದುಡಿಯಲು ಹೋದ ಫೇಜೊ ಕಾರ್ಮಿಕರ ಮಾತುಗಳನ್ನು ಕಲಿತು ಬಂದ ಮೇಲೆಯೇ ಹಳ್ಳಿ ಅಗಾನಿಗೆ ಎದುರಾಡಲು ತೊಡಗುತ್ತದೆ.

ನನ್ನ ಅಜ್ಜ ಗೇಣಿಗೆ ಉಳುತ್ತಿದ್ದವರು. ಕರ್ನಾಟಕದ 1974ರ ಭೂಸುಧಾರಣಾ ತಿದ್ದುಪಡಿಯಿಂದ ಹೊಲ ಅವರ ಹೆಸರಿಗೆ ಬಂತು. ಹಾಗಾಗಿ ಮಾಹೊ ಅಗಾ ನನಗೆ ಬರಿಯ ವಿನೋದದ ಪಾತ್ರವಾಗಿ ಕಾಣಲಿಲ್ಲ. ಟರ್ಕಿಯಲ್ಲಿಯೂ 1973ರಲ್ಲಿ ಭೂಸುಧಾರಣೆಯ ಕಾನೂನು ಬಂದು, ಉರ್ಫಾ ಪ್ರಾಂತ್ಯದಲ್ಲಿ ಜಾರಿ ಆರಂಭವಾಗಿತ್ತು; ಆದರೆ ಸಂವಿಧಾನ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಚಿತ್ರ ತೆರೆಗೆ ಬಂದಾಗ ಆ ನಿರಾಸೆ ಇನ್ನೂ ಹಸಿಯಾಗಿತ್ತು. ಅಗಾನಾಗಿ ನಟಿಸಿದ ಶೆನೆರ್ ಶೆನ್ ಅವರೇ 1985ರ ‘ಜುಗುರ್ತ್ ಅಗಾ’ ಚಿತ್ರದಲ್ಲಿ ಹಳ್ಳಿಯನ್ನೇ ಮಾರಿ ಇಸ್ತಾಂಬುಲ್‌ಗೆ ಬಂದು ಬದುಕಲು ಪರದಾಡುವ ಒಡೆಯನಾಗಿದ್ದಾರೆ. ಎರಡನ್ನೂ ಒಟ್ಟಿಗೆ ನೋಡಿ.

ವರ್ಗದ ವಿಷಯದಲ್ಲಿ ಇಷ್ಟು ಧೈರ್ಯ ತೋರುವ ‘ಕಿಬಾರ್ ಫೇಜೊ’ ಜನಾಂಗದ ವಿಷಯದಲ್ಲಿ ಮೌನವಾಗಿದೆ. ಫೇಜೊ, ಬಿಲೊ, ಮಾಹೊ ಎಂದು ‘ಒ’ಕಾರದಲ್ಲಿ ಮುಗಿಯುವ ಹೆಸರುಗಳು ಟರ್ಕಿಯ ಆಗ್ನೇಯದ ಕುರ್ದಿಷ್ ಸೀಮೆಯವು; ಕುರ್ದರು ತಮ್ಮದೇ ಭಾಷೆಯುಳ್ಳ ಬೇರೆ ಜನಾಂಗ. ಆದರೂ ಪಾತ್ರಗಳು ಆಡುವುದು ಪೂರ್ವದ ಉಚ್ಚಾರದ ಟರ್ಕಿಷ್ ಭಾಷೆಯನ್ನು, ಕುರ್ದಿಷ್ ಮಾತುಕತೆಗೆ ಅಲ್ಲಿ ಜಾಗವಿಲ್ಲ. ಐದು ವರ್ಷಗಳ ನಂತರ, 1983ರಲ್ಲಿ, ಆ ಭಾಷೆಯ ಪ್ರಕಟಣೆಯನ್ನು ಕಾನೂನೇ ನಿಷೇಧಿಸಿತು. ಅದು ರದ್ದಾದದ್ದು 1991ರಲ್ಲಿ. ನಗರದ ಪ್ರೇಕ್ಷಕರಿಗೆ ಆ ಉಚ್ಚಾರವೇ ಒಂದು ತಮಾಷೆ. ದಯವಿಟ್ಟು ಅದನ್ನು ಮಾತ್ರ ಅನುಕರಿಸಬೇಡಿ. ಟರ್ಕಿಷ್ ಕಲಿಯುತ್ತಿರುವ ನಮ್ಮ ಬಾಯಲ್ಲಿ ಅದು ಸುಲಭವಾಗಿ ಬಂದುಬಿಡುತ್ತದೆ, ಎದುರಿಗಿರುವವರಿಗೆ ನೋವಾಗುತ್ತದೆ.

ನಮ್ಮ ಕಟ್ಟಡವನ್ನು ನೋಡಿಕೊಳ್ಳುವವರು ಅದೇ ಕುರ್ದಿಷ್ ಸೀಮೆಯ ಮಾರ್ದಿನ್ ಕಡೆಯವರು; ನೆಲಮಾಳಿಗೆಯ ಮನೆಯಲ್ಲಿದ್ದು, ಬೆಳಗ್ಗೆ ಎಲ್ಲರ ಬಾಗಿಲಿಗೆ ರೊಟ್ಟಿ ತಲುಪಿಸುತ್ತಾರೆ. ‘ಮೆಮ್ಲೆಕೆತ್ ನೆರೆ’, ಅಂದರೆ ನಿಮ್ಮ ಊರು ಯಾವುದು ಎಂದು ಕೇಳಿದಂದಿನಿಂದ ಅವರೊಡನೆ ಸ್ನೇಹ ಬೆಳೆಯಿತು. ಈ ಚಿತ್ರವೆಂದರೆ ಅವರಿಗೆ ಪ್ರಾಣ. ಟಿವಿಯಲ್ಲಿ ಬಂದಾಗಲೆಲ್ಲ ಟರ್ಕಿಷ್ ಬಾರದ ತಾಯಿಯ ಪಕ್ಕದಲ್ಲಿ ಕುಳಿತು, ಪ್ರತಿಯೊಂದು ಮಾತನ್ನೂ ಕುರ್ದಿಷ್‌ನಲ್ಲಿ ಹೇಳುತ್ತಿದ್ದರಂತೆ. ಹಾಗಾಗಿ ತಾಯಿಯ ನಗು ಯಾವಾಗಲೂ ಉಳಿದವರಿಗಿಂತ ಸ್ವಲ್ಪ ತಡವಾಗಿ ಬರುತ್ತಿತ್ತಂತೆ.